ಅಮೀನ್ ಸಾಹೇಬರ ಪರಮಾಧಿಕಾರ

ಈಗಲೇ ಹೇಳಿಬಿಡಬೇಕೆ, ಬಾಯಲ್ಲಿದ್ದದ್ದನ್ನು ನುಂಗಿದ ಮೇಲೆ ಹೇಳಬೇಕೆ? ನುಂಗುವುದಾದರೂ ಹೇಗೆ? ಸುಣ್ಣ, ಅಡಿಕೆ, ಲವಂಗದ ಸಮೇತ ಇಡೀ ಬೀಡಾವನ್ನು ಗುಳಿಗೆಯಂತೆ ನುಂಗಿದವನು ಬದುಕಿ ಉಳಿದದ್ದುಂಟೆ? ಉಗುಳೋಣವೆಂದರೆ ಎದುರಿಗೆ ಸತ್ಯನಾರಾಯಣ ದೇವರ ಪಟ. ಪಟದ ಮೇಲೆಯೇ ‘ಉಗುಳಿದವರಿಗೆ ದಂಡ’ ಎಂಬ ಸೊಸೈಟಿಯ ಬೋರ್ಡು. ದೇವರಾದರೂ ಕ್ಷಮಿಸಿಯಾನು.

ಲೀಲಾಧರ ಸಾಲ್ಯಾನ್ ಎಂಬ ಐವತ್ತು ದಾಟಿದ ಗೃಹಸ್ಥ ಹೀಗೆ ಯೋಚಿಸುತ್ತಾ, ಎಡಗೆನ್ನೆ ಉಬ್ಬಿಸಿಕೊಂಡು, ಕಾಮೋಠೆಯ ನವಪ್ರಭಾತ ಹೌಸಿಂಗ್ ಸೊಸೈಟಿಯ ಸಭೆಯ ಹಿಂದಿನ ಸಾಲಿನಲ್ಲಿ ನಿಂತಿದ್ದ. ಸುತ್ತಲಿನವರೆಲ್ಲ ಅವನನ್ನೇ ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಇಂಥ ಚಪ್ಪಾಳೆ ಅವನಿಗೆ ಮದುವೆಯ ದಿನವೂ ಬಿದ್ದಿರಲಿಲ್ಲ.

ನಡೆದದ್ದು ಹೀಗೆ. ಸೊಸೈಟಿಯ ಸೆಕ್ರೆಟರಿಯಾಗಿದ್ದವರು ಮಗಳ ಬಾಣಂತನಕ್ಕೆಂದು ಪುಣೆಗೆ ಹೋದವರು ಅಲ್ಲೇ ಬೇರು ಬಿಟ್ಟಿದ್ದರು. ಅವರ ಜಾಗಕ್ಕೆ ಬರಲು ಯಾರೂ ಒಪ್ಪರು. ಒಪ್ಪುವುದಾದರೂ ಹೇಗೆ? ನೀರು ಬರದಿದ್ದರೆ ಬೈಗುಳ ಸೆಕ್ರೆಟರಿಗೆ. ಬಂದು ಟಾಂಕಿ ತುಂಬಿ ಹರಿದರೂ ಬೈಗುಳ ಸೆಕ್ರೆಟರಿಗೆ. ಗಣಪತಿಯ ಆರತಿಗೆ ಯಾರನ್ನು ಮೊದಲು ಕರೆದರೂ ಬೈಗುಳ ಸೆಕ್ರೆಟರಿಗೆ. ಹೊಗಳಿಕೆ ಮಾತ್ರ ಚೇರ್ಮನ್ನರಿಗೆ. ಚೇರ್ಮನ್ ಪ್ರೇಮನಾಥ ಸುವರ್ಣರು ಖಾರಘರದಲ್ಲಿ ಹೋಟೆಲು ಇಟ್ಟವರು. ಬಿಲ್ಡಿಂಗ್ ಎದ್ದಂದಿನಿಂದ, ಚುನಾವಣೆ ಎಂಬ ಅಮಂಗಳ ಶಬ್ದ ಯಾರ ಬಾಯಿಂದಲೂ ಹೊರಡದಂತೆ ನೋಡಿಕೊಂಡು, ಸೊಸೈಟಿಯನ್ನು ಆಳಿಕೊಂಡು ಬಂದವರು. ಈ ಸಲ ಅವರು ಒಂದು ಉಪಾಯ ಹೂಡಿದರು. ಟೆರೇಸಿನ ಶೆಡ್ಡಿನಲ್ಲಿ ಪೂಜೆ ಮುಗಿದು, ಜನ ಪ್ರಸಾದದ ದೊನ್ನೆ ನೆಕ್ಕಿ ಏಳುವ ಮೊದಲೇ, ಬೆಳ್ಳಿತಟ್ಟೆಯಲ್ಲಿ ಒಂದೇ ಒಂದು ಬೀಡಾ ಇಟ್ಟು ಮೇಲೆತ್ತಿ ಮರಾಠಿಯಲ್ಲಿ ಗರ್ಜಿಸಿದರು: ಸೆಕ್ರೆಟರಿಯಾಗುವ ಎದೆಗಾರಿಕೆ ಯಾರಿಗಿದೆಯೋ ಅವರು ಈ ವಿಡಾ ಎತ್ತಿಕೊಳ್ಳಲಿ!

ಮರಾಠಿಗರಲ್ಲಿ ವಿಡಾ ಎತ್ತಿದವನು ಹಿಡಿದ ಕೆಲಸ ಬಿಡುವಂತಿಲ್ಲ. ತುಳುನಾಡಿನಲ್ಲೂ ವೀಳ್ಯ ಹಿಡಿದ ಮೇಲೆ ಮಾತು ಮುಗಿಯಿತು. ಬೇರೆ ಯಾವ ವಿಷಯದಲ್ಲೂ ಒಮ್ಮತಕ್ಕೆ ಬಾರದ ನವಪ್ರಭಾತದ ನಿವಾಸಿಗಳು ಇದೊಂದರಲ್ಲಿ ಒಂದೇ ಮತದವರು. ಹಾಗಾಗಿ ತಟ್ಟೆ ಬಿಸಿ ಕಾವಲಿಯ ಹಾಗೆ ಕೈಯಿಂದ ಕೈಗೆ ದಾಟಿ ಹಿಂದಿನ ಸಾಲಿಗೆ ಬಂತು. ಅದೇ ಹೊತ್ತಿಗೆ, ಠಾಣೆ ಪಟ್ಟಣದ ಕೋಪರಿಯಿಂದ ಹೊರಟು ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕಿಗೆ ಸಿಕ್ಕಿ, ರೈಲು ಬಿಟ್ಟು ಬಸ್ಸು ಹಿಡಿದು, ಬಸ್ಸು ಬಿಟ್ಟು ರಿಕ್ಷಾ ಹಿಡಿದು, ಲೀಲಾಧರ ಏದುಸಿರು ಬಿಡುತ್ತಾ ಟೆರೇಸಿಗೆ ಹತ್ತಿ ಬಂದ. ಘೋಷಣೆ ಅವನು ಕೇಳಿಲ್ಲ. ಕಂಡದ್ದು ತಟ್ಟೆ, ತಟ್ಟೆಯಲ್ಲಿ ಬೀಡಾ, ಅದನ್ನು ಒಬ್ಬರಿಗೊಬ್ಬರು ಬಿಟ್ಟುಕೊಡುತ್ತಿರುವ ಜನ. ಎಷ್ಟು ಮರ್ಯಾದಸ್ಥರಪ್ಪಾ ಎಂದುಕೊಂಡ. ಯಾರಾದರೂ ಶುರು ಮಾಡಬೇಕಲ್ಲ ಎಂದು ಎತ್ತಿ ಬಾಯಿಗಿಟ್ಟ.

ಇನ್ನು ಅವನು ಕೋಪರಿಗೆ ಹೋದದ್ದೇಕೆ ಎಂಬುದು. ಅನರ್ಥದ ಬೇರು ಇರುವುದು ಅಲ್ಲೇ. ಐದನೇ ಮಹಡಿಯಲ್ಲಿ ಲೀಲಾಧರನಿದ್ದ ಮನೆ ಅವನದಲ್ಲ. ಕೋಪರಿಯಲ್ಲಿ ಕ್ಯಾಂಟೀನು ನಡೆಸುವ ಊರಿನ ಕಿಟ್ಟಣ್ಣನದು. ಕಾಗದದಲ್ಲಿ ಕೃಷ್ಣ ಅಮೀನ್. ಲೀಲಾಧರ ಬಾಡಿಗೆಗಿರುವವನು, ತಿಂಗಳಿಗೊಮ್ಮೆ ಹೋಗಿ ಬಾಡಿಗೆಯನ್ನು ಕೈಯಲ್ಲೇ ಕೊಟ್ಟು ಬರುವವನು. ಮನೆ ಬಾಡಿಗೆಗೆ ಕೊಟ್ಟಿದ್ದು ಗೊತ್ತಾದರೆ ಸೊಸೈಟಿ ಮಾಲೀಕನಿಂದ ಹೆಚ್ಚುವರಿ ವಸೂಲಿ ಮಾಡುತ್ತದೆ. ಆದ್ದರಿಂದ ಕಿಟ್ಟಣ್ಣ ಕೀಲಿಕೈ ಕೊಡುವಾಗಲೇ ಹೇಳಿದ್ದ: “ನೋಡು ಲೀಲಾಧರ, ಯಾರು ಕೇಳಿದರೂ ಬಾಯಿ ಬಿಡಬೇಡ. ಬಾಯಿ ಬಿಟ್ಟ ದಿವಸ ಮನೆ ಬಿಡು.” ಬಾಗಿಲ ಮೇಲಿನ ‘ಅಮೀನ್’ ಎಂಬ ಫಲಕವನ್ನೂ ತೆಗೆಯಲು ಬಿಟ್ಟಿರಲಿಲ್ಲ. ಫಲಕ ನೋಡಿದವರೆಲ್ಲ ಲೀಲಾಧರನನ್ನು ಅಮೀನ್ ಸಾಹೇಬ್ ಎಂದರು. ಮೊದಲ ವಾರ ತಿದ್ದಲು ಸಂಕೋಚವಾಯಿತು. ವರ್ಷ ಕಳೆದ ಮೇಲೆ ತಿದ್ದಿದರೆ ಅವರಿಗೇ ಅವಮಾನವೆನಿಸಿತು. ಈಗ ಹನ್ನೊಂದು ವರ್ಷವಾಗಿ, ಬೇಲಾಪುರದ ಆಫೀಸಿನಲ್ಲಿ ಯಾರಾದರೂ ‘ಸಾಲ್ಯಾನ್’ ಎಂದು ಕೂಗಿದರೆ ಅವನು ತಿರುಗಿ ನೋಡುವುದೇ ತಡವಾಗುತ್ತಿತ್ತು.

ಮನೆಯ ಮಾಲೀಕರೇ ಸೊಸೈಟಿಯ ಮೆಂಬರುಗಳು. ಮೆಂಬರಲ್ಲದವನಿಗೆ ಸಭೆಯಲ್ಲಿ ಕೂರುವ ಹಕ್ಕೂ ಇಲ್ಲ. ಸೆಕ್ರೆಟರಿಗಿರಿ ದೂರದ ಮಾತು.

“ಅಮೀನ್ರೇ, ಎರಡು ಮಾತಾಡಿ!” ಎಂದರು ಪ್ರೇಮನಾಥರು.

ಬಾಯಿ ತೆರೆದರೆ ಕೆಂಪುರಸ ಬಿಳಿ ಅಂಗಿಗೆ ಇಳಿಯುತ್ತದೆ. ಲೀಲಾಧರ ಎರಡೂ ಕೈ ಜೋಡಿಸಿ, ಬೇಡ ಬೇಡ ಎಂದು ಜೋರಾಗಿ ತಲೆಯಾಡಿಸಿದ.

“ಕಿತೀ ನಮ್ರ ಮಾಣೂಸ್!” ಎಂದು ನಾಲ್ಕನೇ ಮಹಡಿಯ ಘರತ್ ಕಾಕೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಎಷ್ಟು ವಿನಯವಂತ ಮನುಷ್ಯ! ಚಪ್ಪಾಳೆ ಇಮ್ಮಡಿಯಾಯಿತು.

ಮನೆಗೆ ಬಂದು ಬಾಯಿ ಮುಕ್ಕಳಿಸಿ ಅವನು ಹೇಳಿದ ಮೊದಲ ಮಾತು: “ನಾಳೆಯೇ ಹೋಗಿ ಆಗುವುದಿಲ್ಲ ಅನ್ನುತ್ತೇನೆ.”

“ಯಾಕೆ ಆಗುವುದಿಲ್ಲ ಅಂತ ಕೇಳಿದರೆ?” ಎಂದಳು ಹೆಂಡತಿ ಪ್ರಫುಲ್ಲಾ.

“ಬಾಡಿಗೆಯವ ಅಂತ...”

“ಹಾಂ, ಹೇಳಿ! ಹೇಳಿ, ಮತ್ತೆ ಗಂಟುಮೂಟೆ ಕಟ್ಟಿ! ಈ ರೇಟಿಗೆ ಇನ್ನೊಂದು ಮನೆ ಎಲ್ಲುಂಟು, ಪನ್ವೇಲ್ ದಾಟಿ ಗುಡ್ಡದ ಮೇಲಾ? ಹನ್ನೊಂದು ವರ್ಷ ಈ ನೆಲ ಉಜ್ಜಿದ್ದು ಕಿಟ್ಟಣ್ಣನಾ, ನಾನಾ? ಬಾತ್‌ರೂಮಿನ ಗೋಡೆಗೆ ಸಿಮೆಂಟು ಮೆತ್ತಿಸಿದ್ದು ಯಾರು? ಉಜ್ಜಿದವರದ್ದೇ ಮನೆ. ನಿಮ್ಮ ಪುಸ್ತಕದಲ್ಲಿ ಹಾಗೆ ಇಲ್ವಾ?”

“ಉಂಟು. ಆದರೆ ಅದಕ್ಕೆ ಕ್ರಾಂತಿ ಆಗಬೇಕು.”

“ಆಗಲಿ. ಬೇಡ ಅಂದವರು ಯಾರು? ಮೊದಲು ಊಟ ಮಾಡಿ.”

ಪುಸ್ತಕದ ಮಾತು ಬಂದದ್ದಕ್ಕೆ ಕಾರಣವಿತ್ತು. ಲೀಲಾಧರ ರಾತ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರದಲ್ಲಿ ಬಿ.ಎ. ಮಾಡಿದವನು. ಗೈಡು ಓದಿ ಪಾಸಾದದ್ದು ನಿಜ. ಆದರೆ ಗೈಡು ಓದಿದವರಿಗೆ ಇರುವ ಆತ್ಮವಿಶ್ವಾಸ ಪುಸ್ತಕ ಓದಿದವರಿಗೆ ಎಲ್ಲಿಂದ ಬರಬೇಕು? ಮಗಳು ತನ್ವಿಯೂ ಕಾಲೇಜಿನಲ್ಲಿ ಅದನ್ನೇ ತೆಗೆದುಕೊಂಡಿದ್ದಳು. ಪ್ರತಿ ಸಂಜೆ ಅವನು ಬಿಲ್ಡಿಂಗನ್ನೇ ಉದಾಹರಣೆಯಾಗಿಟ್ಟುಕೊಂಡು ಅವಳಿಗೆ ಪಾಠ ಹೇಳುತ್ತಿದ್ದ: ರಾಜ್ಯಕ್ಕೆ ನಾಲ್ಕು ಅಂಗ. ಜನ, ಅಂದರೆ ನಾವು. ಪ್ರದೇಶ, ಅಂದರೆ ಕಾಂಪೌಂಡಿನೊಳಗೆ. ಸರ್ಕಾರ, ಅಂದರೆ ಕಮಿಟಿ. ಪರಮಾಧಿಕಾರ, ಅಂದರೆ ಪಂಪಿನ ಸ್ವಿಚ್ಚು ಯಾರ ಕೈಯಲ್ಲಿದೆಯೋ ಅವರದು.

“ಪಣ್ ಪಪ್ಪಾ, ತುಮ್ಹಿ ತರ್ ನಾಗರಿಕಚ್ ನಾಹಿ,” ಎಂದಳು ತನ್ವಿ ಅನ್ನ ಕಲಸುತ್ತಾ. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಮರಾಠಿಯಲ್ಲೇ: ನೀವಂತೂ ಇಲ್ಲಿ ನಾಗರಿಕರೇ ಅಲ್ಲವಲ್ಲ! “ತುಮ್ಹಿ ಫಾರಿನರ್.”

“ಹನ್ನೊಂದು ವರ್ಷ ಮೆಂಟೆನೆನ್ಸ್ ಕಟ್ಟಿದವ ಫಾರಿನರಾ?” ಲೀಲಾಧರ ತುತ್ತನ್ನು ತಟ್ಟೆಗೇ ಹಾಕಿದ. “ಯಾವ ಪುಸ್ತಕದಲ್ಲಿ ಉಂಟು ತೋರಿಸು!”

ಅವಳು ತೋರಿಸಿದಳು. ಪುಸ್ತಕದಲ್ಲಿ ಇತ್ತು.

ಮರುದಿನ ಆಫೀಸು ಬಿಟ್ಟವನೇ ಅವನು ಖಾರಘರಕ್ಕೆ ಹೋಗಿ ಪ್ರೇಮನಾಥರ ಗಲ್ಲಾಪೆಟ್ಟಿಗೆಯ ಮುಂದೆ ನಿಂತ. ಕಾರಣ ಕೇಳಿದರೆ ಸಕ್ಕರೆ ಕಾಯಿಲೆ ಎನ್ನುವುದೆಂದು ರೈಲಿನಲ್ಲೇ ತೀರ್ಮಾನವಾಗಿತ್ತು. ಆದರೆ ಕಾರಣ ಯಾರು ಕೇಳಬೇಕು?

“ರಾಜೀನಾಮೆಯಾ? ಕೊಡಿ ಕೊಡಿ,” ಎಂದರು ಪ್ರೇಮನಾಥರು. “ಆದರೆ ಅದು ಮೀಟಿಂಗಿನಲ್ಲಿ ಪಾಸಾಗಬೇಕು. ಮೀಟಿಂಗ್ ಕರೆಯುವವರು ಯಾರು?”

“ಸೆಕ್ರೆಟರಿ.”

“ಸೆಕ್ರೆಟರಿ ಯಾರು?”

“ನಾನು.”

“ರಾಜೀನಾಮೆ ಕೊಟ್ಟವರು ಮೀಟಿಂಗ್ ಕರೆಯುವ ಹಾಗೆ ಉಂಟಾ?”

“ಇಲ್ಲ.”

“ಮತ್ತೆ ಎಂತ ಮಾರಾಯ್ರೇ! ಏ, ಇಲ್ಲಿ ಅಮೀನ್ರಿಗೆ ಒಂದು ಪ್ಲೇಟ್ ನೀರುದೋಸೆ ಕೊಡಿ!”

ರಾಜ್ಯಶಾಸ್ತ್ರದಲ್ಲಿ ಇದಕ್ಕೆ ಸಾಂವಿಧಾನಿಕ ಬಿಕ್ಕಟ್ಟು ಎನ್ನುತ್ತಾರೆ. ಲೀಲಾಧರ ಅದನ್ನು ಕಾಯಿಹಾಲಿನಲ್ಲಿ ಅದ್ದಿ ತಿಂದು, ರಾಜೀನಾಮೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಮನೆಗೆ ಬಂದ.

ಬೇರೆಯವನಾಗಿದ್ದರೆ ಹೆಸರಿಗೆ ಸೆಕ್ರೆಟರಿಯಾಗಿದ್ದು ದಿನ ದೂಡುತ್ತಿದ್ದ. ಲೀಲಾಧರನಿಗೆ ವಿದ್ಯೆ ಅಡ್ಡ ಬಂತು. ಗಣಪತಿಯ ತಯಾರಿಯ ಸಭೆಯಲ್ಲಿ ಅವನು ಅಧಿಕಾರ ಪ್ರತ್ಯೇಕತೆಯ ತತ್ತ್ವ ವಿವರಿಸಿದ: ಸಭೆ ಶಾಸಕಾಂಗ, ಕಾನೂನು ಮಾಡುತ್ತದೆ, ಸೆಕ್ರೆಟರಿ ಕಾರ್ಯಾಂಗ, ಜಾರಿ ಮಾಡುತ್ತಾನೆ, ಒಂದರ ಕೆಲಸದಲ್ಲಿ ಇನ್ನೊಂದು ಕೈ ಹಾಕಬಾರದು. ಮೋದಕಕ್ಕೆ ಬೆಲ್ಲ ತರುವವರು ಯಾರೆಂದು ಕೇಳಲು ಬಂದಿದ್ದ ಜನ ಇದನ್ನು ಬಾಯಿ ಬಿಟ್ಟುಕೊಂಡು ಕೇಳಿದರು. ಪ್ರೇಮನಾಥರು ಮಾತ್ರ ಬಾಯಿ ಮುಚ್ಚಿಕೊಂಡು ಕೇಳಿದರು. ಆಳುವವರು ಕೇಳುವುದು ಹಾಗೆಯೇ.

ಗಣಪತಿ ಹೋದ ಮೇಲೆ ಹೊಸ ಲಿಫ್ಟ್ ಬಂತು. ಸ್ಟೀಲಿನ ಬಾಗಿಲು, ಒಳಗೆ ಕನ್ನಡಿ, ಕಾರ್ಡ್ ಮುಟ್ಟಿಸಿದರೆ ಮಾತ್ರ ಹತ್ತುವ ಬುದ್ಧಿ. ಅದರ ಹಿಂದೆಯೇ ಪ್ರೇಮನಾಥರ ಠರಾವೂ ಬಂತು: ಕಾರ್ಡು ಮೆಂಬರುಗಳಿಗೆ ಮಾತ್ರ.

“ಲಿಫ್ಟಿಗೆ ದುಡ್ಡು ಹಾಕಿದವರು ಮಾಲೀಕರು,” ಎಂದರು ಅವರು ಸಭೆಯಲ್ಲಿ. “ಬಾಡಿಗೆಯವರು ಇವತ್ತು ಇರ್ತಾರೆ, ನಾಳೆ ಹೋಗ್ತಾರೆ. ಅವರಿಗೆ ಕಾಲುಂಟು, ನಮ್ಮಲ್ಲಿ ಮೆಟ್ಟಿಲುಂಟು.”

ಬಾಡಿಗೆಯವರು ಶೆಡ್ಡಿನ ಬಾಗಿಲ ಹೊರಗೆ ಗುಂಪುಗೂಡಿದ್ದರು. ಎಲ್ಲರ ಮುಂದೆ ಆರನೇ ಮಹಡಿಯ ತೃಷಾ, ಬೆಂಗಳೂರಿನವಳು, ತುಂಬು ಬಸುರಿ; ಏರೋಲಿಯ ಕಂಪನಿಗೆ ಈಗಲೂ ಹೋಗಿಬರುತ್ತಿದ್ದಳು. “ಮೆಟ್ಟಿಲು ನೀವ್ ಹತ್ತಿ ಸಾರ್! ಹೊಟ್ಟೆ ನಿಮ್ದೂ ನಂದೂ ಒಂದೇ ಸೈಜ್ ಇದೆ!” ಎಂದು ಅವಳು ಕೂಗಿದಳು. ಪ್ರೇಮನಾಥರು ಅಂಗಿ ಎಳೆದುಕೊಂಡು, ಬಾಗಿಲು ಹಾಕಲು ಸನ್ನೆ ಮಾಡಿದರು.

ಆಗ ಲೀಲಾಧರ ಎದ್ದ. ಏಳಬೇಕೆ ಬೇಡವೆ ಎಂದು ಅವನು ನಿರ್ಧರಿಸಿರಲಿಲ್ಲ, ನಿರ್ಧರಿಸುವಷ್ಟರಲ್ಲಿ ಎದ್ದಾಗಿತ್ತು.

“ಇದು ಯಾವ ಮಾದರಿಯ ಸರ್ಕಾರ?” ಎಂದು ಅವನು ಕೇಳಿದ. “ಒಬ್ಬನೇ ಆಳಿದರೆ ರಾಜಪ್ರಭುತ್ವ. ಕೆಲವರೇ ಆಳಿದರೆ ಶ್ರೀಮಂತಪ್ರಭುತ್ವ. ಎಲ್ಲರೂ ಆಳಿದರೆ ಪ್ರಜಾಪ್ರಭುತ್ವ. ಮೆಂಟೆನೆನ್ಸ್ ಕಟ್ಟುವುದು ಎಲ್ಲರೂ, ನೀರಿಗೆ ಕಾಯುವುದು ಎಲ್ಲರೂ, ಲಿಫ್ಟ್ ಹತ್ತುವುದು ಮಾತ್ರ ಕೆಲವರು ಅಂದರೆ ಅದಕ್ಕೆ ಪುಸ್ತಕದಲ್ಲಿ ಹೆಸರೇ ಇಲ್ಲ! ಬಾಡಿಗೆಯವ ಮನುಷ್ಯ ಅಲ್ಲವಾ? ಅವನ ಮೊಣಕಾಲು ಮೊಣಕಾಲು ಅಲ್ಲವಾ? ಮೆಂಬರಾಗಿ ಯಾರೂ ಹುಟ್ಟುವುದಿಲ್ಲ!”

ಬಾಗಿಲ ಹೊರಗೆ ಸಿಳ್ಳೆ ಬಿತ್ತು. “ಅಮೀನ್ ಸಾರ್‌ಗೆ ಜೈ! ಓನರ್ ಅಂದ್ರೆ ಹೀಗಿರ್ಬೇಕು!”

ಒಳಗೆ ಬೆಂಕಿ ಬಿತ್ತು. ತಾನೇ ಮಾಲೀಕನಾಗಿ ಮಾಲೀಕರ ಬೆನ್ನಿಗೆ ಇರಿಯುತ್ತಾನಲ್ಲ ಎಂದು ಒಬ್ಬರು. ಮುಂದಿನ ಸಲ ನಗರಸೇವಕನ ಟಿಕೆಟ್ ಬೇಕಾಗಿದೆ ಇವನಿಗೆ ಎಂದು ಇನ್ನೊಬ್ಬರು. ಘರತ್ ಕಾಕೂ ಎದ್ದು ನಿಂತು ಬೆರಳು ಮಾಡಿದರು: “ಸ್ವಂತ ಮನೆಯಲ್ಲಿ ಹಾಯಾಗಿ ಕೂತವನಿಗೆ ಬಾಡಿಗೆಯವರ ಸಂಕಟ ಏನು ಗೊತ್ತು ಭಾವು? ನಾಟಕ ಸಾಕು!” ಹಿಂದೆ ಅವನ ವಿನಯಕ್ಕೆ ಕಣ್ಣೊರೆಸಿಕೊಂಡವರೂ ಇವರೇ.

ಠರಾವು ಪಾಸಾಯಿತು. ಪ್ರೇಮನಾಥರು ಕಾಗದವನ್ನು ಲೀಲಾಧರನ ಮುಂದೆ ಸರಿಸಿದರು.

“ನಾನು ಸೈನು ಹಾಕುವುದಿಲ್ಲ. ಇದು ಅನ್ಯಾಯ.”

“ಅಮೀನ್ರೇ, ನೀವು ಓದಿದವರು. ಈ ಸಭೆ ಯಾವ ಅಂಗ?”

“...ಶಾಸಕಾಂಗ.”

“ಸೆಕ್ರೆಟರಿ?”

“ಕಾರ್ಯಾಂಗ.”

“ಒಂದರ ಕೆಲಸದಲ್ಲಿ ಇನ್ನೊಂದು ಕೈ ಹಾಕಬಾರದು ಅಂತ ಗಣಪತಿಯ ಎದುರು ಹೇಳಿದ್ದು ಯಾರು?”

ಲೀಲಾಧರ ಸೈನು ಹಾಕಿದ. ಕಾಗದ ಹರಿಯುವಷ್ಟು ಸಿಟ್ಟಿನಿಂದ, ಆಫೀಸಿನಲ್ಲಿ ಹಾಕುವ ಸೈನನ್ನೇ ಹಾಕಿದ; ಅದನ್ನು ಓದಿ ನೋಡಿದವರು ಯಾರೂ ಇಲ್ಲ. ಆದರೆ ಸಿಟ್ಟಿನ ಸೈನಿಗೂ ಸಂತೋಷದ ಸೈನಿಗೂ ಕಾನೂನಿನಲ್ಲಿ ಬೆಲೆ ಒಂದೇ. ಮೊದಲ ಕಾರ್ಡು ಅವನಿಗೇ ಸಿಕ್ಕಿತು.

ಮರುಸಂಜೆ ತೃಷಾ ಬಂದಳು. ಬಾಗಿಲಲ್ಲೇ ಗೋಡೆ ಹಿಡಿದು ನಿಂತು ಉಸಿರು ತೆಗೆದುಕೊಂಡಳು. ಪ್ರಫುಲ್ಲಾ ಕುರ್ಚಿ ಎಳೆದು ಕೂರಿಸಿ ಪುನರ್ಪುಳಿ ಶರಬತ್ತು ಕೊಟ್ಟಳು.

“ಸಾರ್, ನಮ್ ಪರವಾಗಿ ಮಾತಾಡಿದ್ದೂ ನೀವೇ, ಸೈನ್ ಹಾಕಿದ್ದೂ ನೀವೇನಾ?”

ಲೀಲಾಧರ ಅಧಿಕಾರ ಪ್ರತ್ಯೇಕತೆಯನ್ನು ಮೊದಲಿನಿಂದ ವಿವರಿಸಿದ. ಅವಳು ಪೂರ್ತಿ ಕೇಳಿದಳು.

“ಏನ್ ಸಾರ್ ಇದು! ಬಾಯಿ ಒಂದ್ ಪಾರ್ಟಿ, ಕೈ ಇನ್ನೊಂದ್ ಪಾರ್ಟಿನಾ?” ಎಂದಳು. “ಇರ್ಲಿ ಬಿಡಿ. ಸಹಕಾರ ಇಲಾಖೆಗೆ ಕಂಪ್ಲೇಂಟ್ ಕೊಟ್ಟಿದೀನಿ. ನಿಮ್ ಮೇಲಲ್ಲ, ಆ ಚೇರ್ಮನ್ ಮೇಲೆ. ಎನ್‌ಕ್ವೈರಿಗೆ ಬರ್ತಾರಂತೆ. ನೀವು ಒಳ್ಳೇವ್ರು ಸಾರ್. ಓನರ್ ಆಗಿದ್ರೂ ಒಳ್ಳೇವ್ರು.”

ಅವಳು ಹೋದ ಮೇಲೆ ಪ್ರಫುಲ್ಲಾ ಗ್ಲಾಸು ತೊಳೆಯುತ್ತಲೇ ಇದ್ದಳು. ಗ್ಲಾಸು ಬೆಳಗಿ ಬಹಳ ಹೊತ್ತಾಗಿತ್ತು.

“ಎನ್‌ಕ್ವೈರಿಯವರು ನಿಮ್ಮನ್ನು ಕೇಳಿದರೆ?” ಎಂದಳು.

“ಕೇಳಿದರೆ ನೋಡುವ.”

ಶನಿವಾರ ಬೆಳಿಗ್ಗೆ ಅಧಿಕಾರಿ ಬಂದರು. ಅವರ ಹತ್ತಿರ ಕಾರ್ಡು ಇರಲಿಲ್ಲ. ಲಿಫ್ಟಿನ ಬುದ್ಧಿಗೆ ಸರ್ಕಾರವೂ ಒಂದೇ, ಹಾಲಿನವನೂ ಒಂದೇ. ಟೆರೇಸಿನವರೆಗೆ ಮೆಟ್ಟಿಲು ಹತ್ತಿ ಶೆಡ್ಡಿಗೆ ಬಂದಾಗ ಅವರ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. ಪ್ರೇಮನಾಥರು ಎಳನೀರು ಹಿಡಿದು ಮುಂದೆ ಬಂದರು.

“ಮೊದಲು ಈ ದರಿದ್ರ ರೂಲು ಯಾರು ಮಾಡಿದ್ದು ಹೇಳಿ,” ಎಂದರು ಅಧಿಕಾರಿ ಮರಾಠಿಯಲ್ಲಿ. ಬಾಗಿಲ ಹೊರಗಿನ ಬಾಡಿಗೆಯವರು ಹರ್ಷೋದ್ಗಾರ ಮಾಡಿದರು. ಅಧಿಕಾರಿ ಕಾಗದ ಬಿಡಿಸಿದರು. “ಇಲ್ಲಿ ಸೆಕ್ರೆಟರಿ ಎಂದು ಸಹಿ ಹಾಕಿದ ಲೀಲಾಧರ ಸಾಲ್ಯಾನ್ ಯಾರು? ನನ್ನ ದಾಖಲೆಯಲ್ಲಿ ಈ ಹೆಸರಿನ ಮೆಂಬರೇ ಇಲ್ಲ.”

“ಸಾಲ್ಯಾನ್ ಯಾರೂ ಇಲ್ಲ ಸಾಹೇಬ್,” ಎಂದರು ಪ್ರೇಮನಾಥರು. “ನಮ್ಮ ಸೆಕ್ರೆಟರಿ ಇವರು, ಅಮೀನ್.”

ಎಲ್ಲರೂ ಲೀಲಾಧರನನ್ನು ನೋಡಿದರು. ಲೀಲಾಧರ ನೀರಿನ ಟಾಂಕಿಯನ್ನು ನೋಡಿದ.

“ದೂರಿನಲ್ಲೂ ಸೆಕ್ರೆಟರಿ ಐದನೇ ಮಹಡಿಯ ಅಮೀನ್ ಎಂದೇ ಇತ್ತು. ದಾಖಲೆಯಲ್ಲಿರುವ ಆ ಅಮೀನರಿಗೆ ಫೋನು ಮಾಡಿ ಬರಹೇಳಿದ್ದೇನೆ,” ಎಂದರು ಅಧಿಕಾರಿ. “ಅವರು ಕೋಪರಿಯಿಂದ ಹೊರಟಿದ್ದಾರಂತೆ.”

ಅಷ್ಟರಲ್ಲಿ ಮೆಟ್ಟಿಲಿನ ಕಡೆಯಿಂದ ತುಳುವಿನಲ್ಲಿ ಬೈಗುಳದ ಒಂದು ಮೆರವಣಿಗೆ ಮೇಲೇರಿ ಬರುವುದು ಕೇಳಿಸಿತು. ಅದರ ಹಿಂದಿನಿಂದ ಕಿಟ್ಟಣ್ಣ ಕಾಣಿಸಿಕೊಂಡ. ಭಾರಿ ಆಳು, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಎದೆಯ ಮೇಲೆ.

“ನನ್ನ ಮನೆಗೆ ಬರಲು ನನಗೇ ಲಿಫ್ಟ್ ಇಲ್ಲವಾ? ಯಾವ ನಾಯಿ ಮಾಡಿದ ಕಾನೂನು ಇದು? ಐದನೇ ಮಾಳಿಗೆಯ ಅಮೀನ್ ನಾನು! ಹಣ ಕೊಟ್ಟು ತೆಗೆದುಕೊಂಡವ ನಾನು!”

ಮೊದಲು ಬಾಯಿ ತೆರೆದವರು ಘರತ್ ಕಾಕೂ. “ಅಯ್ಯೋ ದೇವಾ! ಹಾಗಾದರೆ ಇಷ್ಟು ವರ್ಷ ನಾನು ಹಳದಿ-ಕುಂಕುಮಕ್ಕೆ ಕರೆದದ್ದು ಯಾರ ಹೆಂಡತಿಯನ್ನು?”

“ನನ್ನನ್ನೇ ಕರೆದದ್ದು!” ತನ್ವಿಯ ಜೊತೆ ಮೂಲೆಯಲ್ಲಿ ನಿಂತಿದ್ದ ಪ್ರಫುಲ್ಲಾ ಸಿಡಿದಳು. “ಹೆಸರು ತಪ್ಪಿದರೆ ಹಣೆ ತಪ್ಪುತ್ತದಾ ಕಾಕೂ?”

“ಮೋಸ! ಹನ್ನೊಂದು ವರ್ಷದ ಮೋಸ!” ಎಂದು ಪ್ರೇಮನಾಥರು ಮೇಜು ಗುದ್ದಿದರು. ಎಳನೀರು ಮಗುಚಿತು.

ಅಧಿಕಾರಿ ಕೈ ಎತ್ತಿದರು. ಸಿಟ್ಟು ಎಲ್ಲರಿಗೂ ಇತ್ತು. ಆದರೆ ಸರ್ಕಾರಿ ಸಿಟ್ಟಿಗೆ ಒಂದು ಶಿಸ್ತಿರುತ್ತದೆ. “ಸರಳ ವಿಷಯ,” ಎಂದರು. “ಈ ಮನುಷ್ಯ ಬಾಡಿಗೆಯವನಾದರೆ ಸೆಕ್ರೆಟರಿಯಾಗಲು ಬರುವುದಿಲ್ಲ. ಇವನು ಸಹಿ ಹಾಕಿದ್ದೆಲ್ಲ ರದ್ದು. ಲಿಫ್ಟಿನ ರೂಲೂ ರದ್ದು. ಇವತ್ತಿನಿಂದಲೇ ಎಲ್ಲರೂ ಹತ್ತಬಹುದು.”

ಬಾಗಿಲ ಹೊರಗೆ ಸಿಳ್ಳೆ ಮುಗಿಲು ಮುಟ್ಟಿತು. ತೃಷಾ ಹೊಟ್ಟೆಯ ಮೇಲೆ ಕೈಯಿಟ್ಟು ನಕ್ಕಳು.

“ಇನ್ನು ನೀವು,” ಅಧಿಕಾರಿ ಕಿಟ್ಟಣ್ಣನ ಕಡೆ ತಿರುಗಿದರು. “ಇಷ್ಟು ವರ್ಷ ಸೊಸೈಟಿಗೆ ತಿಳಿಸದೆ ಬಾಡಿಗೆಗೆ ಕೊಟ್ಟಿದ್ದೀರಿ. ಅದೆಲ್ಲ ವಸೂಲಿಯಾಗುತ್ತದೆ. ನೋಟಿಸು ಬರುತ್ತದೆ.”

ಕಿಟ್ಟಣ್ಣನ ಏದುಸಿರು ಒಮ್ಮೆಲೇ ನಿಂತಿತು. ಮುಖದ ಮೇಲೆ ಒಂದು ವಾತ್ಸಲ್ಯ ಮೂಡಿತು. ಅಂಥದ್ದನ್ನು ಕ್ಯಾಂಟೀನಿನ ಗಿರಾಕಿಗಳು ಈವರೆಗೆ ಕಂಡಿರಲಿಲ್ಲ.

“ಬಾಡಿಗೆಯಾ? ಛೆ ಛೆ ಛೆ! ಎಂತ ಹೇಳ್ತೀರಿ ಸಾಹೇಬ್ರೇ! ಇವ ನನ್ನ ತಮ್ಮ. ಸ್ವಂತ ತಮ್ಮ. ತಮ್ಮನಿಂದ ಯಾರಾದರೂ ಬಾಡಿಗೆ ತೆಗೆದುಕೊಳ್ತಾರಾ?” ಎಂದು ಬಂದು ಲೀಲಾಧರನ ಹೆಗಲ ಮೇಲೆ ಕೈ ಹಾಕಿದ. ಹಾಕಿ, ಒತ್ತಿದ.

“ನೀವು ಅಮೀನ್, ಇವರು ಸಾಲ್ಯಾನ್. ತಮ್ಮ ಹೇಗೆ?”

“ನಮ್ಮಲ್ಲಿ ಅಳಿಯಕಟ್ಟು ಸಾಹೇಬ್ರೇ. ವಂಶ, ಹೆಸರು ಎಲ್ಲ ತಾಯಿಯ ಕಡೆಯಿಂದ. ನಿಮ್ಮ ಹಾಗೆ ಅಪ್ಪನ ಕಡೆಯಿಂದ ಅಲ್ಲ. ಆದ್ದರಿಂದ ಅಣ್ಣ ಅಮೀನ್, ತಮ್ಮ ಸಾಲ್ಯಾನ್.”

ಹೆಸರು ತಾಯಿಯ ಕಡೆಯಿಂದ ಬರುವುದಾದರೆ ಒಬ್ಬ ತಾಯಿಯ ಮಕ್ಕಳಿಗೆ ಒಂದೇ ಹೆಸರಿರಬೇಕು. ತುಳುನಾಡಿನಲ್ಲಿ ಇದು ಹಾಲು ಕುಡಿಯುವ ಕೂಸಿಗೂ ಗೊತ್ತು. ಆದರೆ ಅಧಿಕಾರಿ ಸಾತಾರೆಯ ಕಡೆಯವರು. ಅವರು ಖಚಿತಪಡಿಸಿಕೊಳ್ಳಲು ಪ್ರೇಮನಾಥರನ್ನೇ ಕೇಳಿದರು: “ನೀವೂ ಅದೇ ಊರಿನ ಕಡೆಯವರಲ್ಲವೇ? ಹೀಗೆ ಇರುತ್ತದೆಯೇ?”

ಪ್ರೇಮನಾಥರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಲೀಲಾಧರ ಬಾಡಿಗೆಯವನಾದರೆ ಠರಾವು ಬಿತ್ತು. ತಮ್ಮನಾದರೆ ಉಳಿಯಿತು.

“ಇರುತ್ತದೆ ಸಾಹೇಬ್,” ಎಂದರು. “ಬಹಳ ಪವಿತ್ರವಾದ ಪದ್ಧತಿ.” ಆಗ ತಾನೇ ಮೋಸವೆಂದು ಗುದ್ದಿದ್ದ ಅದೇ ಮೇಜಿನ ಮೇಲೆ ಕೈ ಜೋಡಿಸಿಟ್ಟುಕೊಂಡಿದ್ದರು.

“ತಮ್ಮನಾದರೆ ಮನೆಯವನೇ. ಒಂದು ಅರ್ಜಿ ತುಂಬಿದರೆ ಮೆಂಬರೂ ಆಗಬಹುದು, ಸೆಕ್ರೆಟರಿಯೂ ಆಗಬಹುದು. ಸಹಿ ಹಾಕಿದ್ದು ಸಿಂಧು. ಮೆಂಬರುಗಳ ಸಭೆ ಪಾಸು ಮಾಡಿದ್ದಕ್ಕೆ ನಾನು ಕೈ ಹಾಕುವಂತಿಲ್ಲ,” ಎಂದರು ಅಧಿಕಾರಿ, ಮೆಟ್ಟಿಲುಗಳನ್ನು ನೆನೆದು ನಿಟ್ಟುಸಿರು ಬಿಡುತ್ತಾ.

“ಸುಳ್ಳು!” ತೃಷಾ ಹೊಸಿಲು ದಾಟಿ ಒಳಗೆ ಬಂದಿದ್ದಳು. “ಯಾವ ತಮ್ಮ? ಯಾವ ಅಣ್ಣ? ಇವ್ರು ಬಾಡಿಗೆ ಕೊಡ್ತಾರೋ ಇಲ್ವೋ ಅವ್ರನ್ನೇ ಕೇಳಿ. ಅಮೀನ್ ಸಾರ್... ಏನೋ ಒಂದು ಹೆಸರು, ಸಾರ್, ನೀವೇ ಹೇಳಿ! ಮೊನ್ನೆ ಎಷ್ಟ್ ಚೆನ್ನಾಗಿ ಮಾತಾಡಿದ್ರಿ!”

“ಸರಿ, ನೀವೇ ಹೇಳಿ,” ಎಂದರು ಅಧಿಕಾರಿ ಪೆನ್ನು ತೆಗೆದು. “ಬಾಡಿಗೆಯವರೋ, ಮನೆಯವರೋ? ಒಂದು ಮಾತು. ನೀವು ಹೇಳಿದ್ದನ್ನು ಬರೆದುಕೊಳ್ಳುತ್ತೇನೆ.”

ಶೆಡ್ಡಿನ ತಗಡಿನ ಮೇಲೆ ಪಾರಿವಾಳಗಳು ನಡೆದಾಡುತ್ತಿದ್ದವು. ಕಿಟ್ಟಣ್ಣನ ಕೈ ಹೆಗಲ ಮೇಲೆ ಭಾರವಾಯಿತು. ಪ್ರಫುಲ್ಲಾ ಸೆರಗನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, ಮತ್ತೆ ಸುತ್ತುತ್ತಾ ನಿಂತಿದ್ದಳು.

“ಪಪ್ಪಾ, ಬೋಲಾ ನಾ,” ಎಂದಳು ತನ್ವಿ.

ಲೀಲಾಧರ ಬಾಯಿ ತೆರೆದ. ಒಂದು ಸಲ ಗಂಟಲು ಸರಿಮಾಡಿಕೊಂಡ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಮತ್ತೆ ಬಾಯಿ ಮುಚ್ಚಿದ.

ಅಧಿಕಾರಿ ಸ್ವಲ್ಪ ಹೊತ್ತು ಕಾದರು. ಅವರಿಗೆ ಮಧ್ಯಾಹ್ನ ಉಲ್ವೆಯಲ್ಲಿ ಇನ್ನೊಂದು ಸೊಸೈಟಿಯ ಜಗಳವಿತ್ತು. “ಭಾವನೆ ತುಂಬಿ ಬಂದಿದೆ ಪಾಪ,” ಎಂದು ಹೇಳಿ, ‘ಮನೆಯವರು’ ಎಂದು ಬರೆದು, ಕೆಳಗೆ ಗೆರೆ ಎಳೆದರು.

ತೃಷಾ ಅವನನ್ನು ಬೈಯಲಿಲ್ಲ. ಬೈದಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ಅವಳು ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಹೋದಳು. ಮುಂದಿನ ತಿಂಗಳು ಅವಳು ಮಗುವನ್ನು ಎತ್ತಿಕೊಂಡು ಅದೇ ಮೆಟ್ಟಿಲು ಹತ್ತಿ ಬಂದಳು. ದೀಪಾವಳಿಯ ಹೊತ್ತಿಗೆ ಗಂಡನೊಡನೆ ಬೇರೆ ಬಿಲ್ಡಿಂಗಿಗೆ ಹೋದಳು.

ಕಿಟ್ಟಣ್ಣ ಈಗ ಲೀಲಾಧರನನ್ನು ಎಲ್ಲರೆದುರು ತಮ್ಮಾ ಎಂದೇ ಕರೆಯುತ್ತಾನೆ. ಬಾಡಿಗೆಯನ್ನು ಮಾತ್ರ ತುಸು ಏರಿಸಿದ್ದಾನೆ. ಅಣ್ಣತಮ್ಮಂದಿರಲ್ಲಿ ಲೆಕ್ಕ ಸರಿಯಾಗಿರಬೇಕಂತೆ.

ಲೀಲಾಧರ ಲಿಫ್ಟ್ ಹತ್ತುವುದನ್ನು ಬಿಟ್ಟುಬಿಟ್ಟ. ಕಾರ್ಡು ಜೇಬಿನಲ್ಲಿದ್ದರೂ ಐದು ಮಹಡಿ ನಡೆದೇ ಹತ್ತುತ್ತಾನೆ, ಮಾರುಕಟ್ಟೆಯ ಚೀಲ ಇದ್ದರೂ, ಮೊಣಕಾಲು ನೋವಿದ್ದರೂ. ಯಾಕೆಂದು ಕೇಳಿದವರಿಗೆ ಪ್ರಫುಲ್ಲಾ, ಶುಗರ್ ಉಂಟಲ್ಲ, ಡಾಕ್ಟರು ಹೇಳಿದ್ದಾರೆ ಎನ್ನುತ್ತಾಳೆ. ಘರತ್ ಕಾಕೂ, ಎಷ್ಟು ಶಿಸ್ತಿನ ಮನುಷ್ಯ ಎಂದು ಮತ್ತೆ ಕಣ್ಣೊರೆಸಿಕೊಳ್ಳಲು ಶುರು ಮಾಡಿದ್ದಾರೆ. ಕಾರ್ಡು ಕೊಡಿ ಎಂದು ಕೇಳಲು ಬಂದ ಹೊಸ ಬಾಡಿಗೆಯವರಿಗೆಲ್ಲ ಪ್ರೇಮನಾಥರು ಅವನನ್ನೇ ತೋರಿಸುತ್ತಾರೆ: “ಅಲ್ಲಿ ನೋಡಿ, ನಮ್ಮ ಸೆಕ್ರೆಟರಿಯೇ ಮೆಟ್ಟಿಲು ಹತ್ತುತ್ತಾರೆ. ಅಂಥ ಮಾಲೀಕರಿಗೇ ಆಗುತ್ತದೆ, ನಿಮಗೆ ಎಂತ ದಾಡಿ?”

ಆಗ ಲೀಲಾಧರ ಮೆಟ್ಟಿಲಿನ ತಿರುವಿನಲ್ಲಿ ಒಂದು ಗಳಿಗೆ ನಿಲ್ಲುತ್ತಾನೆ. ಉಸಿರು ತೆಗೆದುಕೊಂಡು ಮತ್ತೆ ಹತ್ತುತ್ತಾನೆ.

ತಾನು ಬಾಡಿಗೆಯವನೆಂದು ಅವನು ಯಾರಿಗೂ ಹೇಳಲಿಲ್ಲ.